ಲಿಂಬಿ ತ್ವಾಟ, ಐಪಿಓ ಮತ್ತ ನನ್ನ ಪೈಥಾನ್ ಹುಚ್ಚು

ನನ್ನ ಲ್ಯಾಪ್‌ಟಾಪ್‌ನ್ಯಾಗ ಇನ್ನೂ ಒಂದು ಫೈಲ್ ಐತಿ, ಅದರ ಹೆಸರು 'ಐಪಿಓ ಫೈನಲ್ ಖರೇ ಫೈನಲ್ 7'. ಐಪಿಓ ಅಂದ್ರ ಒಂದು ಕಂಪನಿ ಮೊದಲನೇ ಸಲ ಮಂದಿಗೆ ಶೇರು ಮಾರೂದು, ಲಿಸ್ಟಿಂಗ್ ಅಂದ್ರ ಆಮ್ಯಾಲ ಆ ಶೇರು ಶೇರುಪೇಟ್ಯಾಗ ಓಡಾಡಾಕ ಹತ್ತೂದು. ಅದಕ್ಕಿಂತ ಮೊದಲಿನ ಆರು ಫೈನಲ್ ಡಿಲೀಟ್ ಮಾಡೀನಿ. ನಮ್ಮ ಮನ್ಯಾಗ ಈ ಫೈಲಿನ ಹೆಸರು ತಗದ್ರ ಈಗ್ಲೂ ನಗ್ತಾರ, ನಕ್ಕರ ನಗವಲ್ರ್ಯಾಕ, ಆದ್ರ ಇದರಿಂದ ನಾ ಕಲ್ತಿದ್ದು ಐತೆಲ್ಲಾ ಅದನ್ನ ಒಂದ್ಸಲ ಬರದು ಇಡೂಣು ಅಂತ ಕುಂತೀನಿ.

ನಾ ವಿಜಯಪುರದಾಗ ಸ್ಟೇಷನ್ ರೋಡ್ ಕಡೆ ಸಣ್ಣದೊಂದು ಆಫೀಸ್ ಇಟ್ಕೊಂಡು ಅಂಗಡಿಯವರ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ನೋಡಾಂವ. ಪ್ರತಿ ತಿಂಗಳ 20ನೇ ತಾರೀಖಿನ ತನಕ ತಲಿ ಎತ್ತಾಕ ಆಗಂಗಿಲ್ಲ, 21ಕ್ಕ ಎದ್ದು ಕುಂತ್ರ ಏನ್ ಮಾಡ್ಬೇಕು ಅಂತ ತಿಳೀವಲ್ದು. ಹಂತಾ ಒಂದು 21ರ ರಾತ್ರಿ ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಓದಾಕತ್ತಾನ, ಮನಿಗೆ ಬಂದಾಂವ ಅಂದ, ಮಾಮಾ ನೀ ಎಲ್ಲಾ ಐಪಿಓಕ್ಕೂ ಕಣ್ಣು ಮುಚ್ಕೊಂಡು ಅಪ್ಲೈ ಮಾಡ್ತಿ, ಯಾವುದು ಲಿಸ್ಟಿಂಗ್ ದಿನ ಏರ್ತೈತಿ ಯಾವುದು ಬೀಳ್ತೈತಿ ಅಂತ ಒಂದು ಎಐ ಮಾಡೆಲ್ ಕಟ್ಟೂಣು, ಹಳೇ ಡೇಟಾ ಹಾಕಿದ್ರ ಅದು ಕಲೀತೈತಿ ಅಂತ. ನನಗೂ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಾ ಅಷ್ಟೂ ಇಷ್ಟೂ ಗೊತ್ತಿತ್ತು, ಯೂಟ್ಯೂಬ್ ನೋಡಿ ಕಲ್ತಿದ್ದು. ಹಚ್ಚಿದ್ವಿ.

ವಿಷಯ ಗೊತ್ತಿಲ್ದವರಿಗೆ ಒಂದು ಮಾತು. ಟಾಟಾ ಟೆಕ್ನಾಲಜೀಸ್ 2023ರ ನವೆಂಬರ್‌ನ್ಯಾಗ ಶೇರು ಮಾರಿದ್ದು 500 ರೂಪಾಯಿಗೆ, ಲಿಸ್ಟ್ ಆದ ದಿನ ಬಾಗಿಲು ತಗದಾಗ 1,200, ಸಂಜೀಗೆ 1,300ರ ಮ್ಯಾಲೆ. ಅಂದ್ರ ಒಂದೊಂದು ಶೇರಿನ ಮ್ಯಾಲೆ 800 ರೂಪಾಯಿ ಮಾರಿದವರ ಕೈಗೆ ಬರಬೇಕಾಗಿದ್ದು ಕೊಂಡವರ ಕೈಗೆ ಹೋತು. ಆ ಐಪಿಓದಾಗ ಹೊಸಾ ಶೇರು ಒಂದೂ ಇದ್ದಿಲ್ಲ, ಎಲ್ಲಾ ಹಳೇ ಪಾಲುದಾರರು ತಮ್ಮ ಪಾಲು ಮಾರಿದ್ದು, ಟಾಟಾ ಮೋಟರ್ಸ್ ಅದರಾಗ ದೊಡ್ಡದು. ಹಿಂಗ ಐಪಿಓದಾಗ ಶೇರು ಅಗ್ಗ ಮಾರೂದಕ್ಕ ಅಂಡರ್‌ಪ್ರೈಸಿಂಗ್ ಅಂತಾರ. ಇದು ನಮ್ಮ ದೇಶದಾಗ ಅಷ್ಟ ಅಲ್ರಿ, ಅಮೆರಿಕಾದಾಗ 1999ರ ಡಿಸೆಂಬರ್‌ನ್ಯಾಗ ವಿಎ ಲಿನಕ್ಸ್ ಅನ್ನೋ ಕಂಪನಿ 30 ಡಾಲರ್‌ಗೆ ಕೊಟ್ಟ ಶೇರು ಮೊದಲನೇ ದಿನಾನ 239 ಡಾಲರ್ ದಾಟಿತ್ತು. ನಮ್ಮಲ್ಲಿ 1992ರ ತನಕ ರೇಟ್ ಕಟ್ಟೋದು ಕಂಪನಿ ಕೈಯಾಗ ಇದ್ದಿಲ್ಲ, ದಿಲ್ಲಿಯಾಗ ಕಂಟ್ರೋಲರ್ ಆಫ್ ಕ್ಯಾಪಿಟಲ್ ಇಶ್ಯೂಸ್ ಅಂತ ಒಬ್ಬ ಅಧಿಕಾರಿ ಇರ್ತಿದ್ದ, ಅಂವ ಹೇಳಿದ್ದ ರೇಟು, ಅದೂ ಅಗ್ಗ. ನಮ್ಮಪ್ಪನ ಕಾಲದ ಮಂದಿಗೆ 'ಶೇರು ಅಪ್ಲೈ ಮಾಡೂದು' ಅಂದ್ರ ರೇಷನ್ ಚೀಟಿ ಇದ್ದಂಗ, ಸಿಕ್ರ ಲಾಭ ಗ್ಯಾರಂಟಿ. ಆ ನಂಬಿಕಿ ಕಾಯ್ದೆ ಹೋದ್ರೂ ಹೋಗಿಲ್ಲ.

ಸರಿ, ಡೇಟಾ. ಯಾರೂ ಕೂಡ್ಸಿ ಇಟ್ಟಿರಂಗಿಲ್ಲ, ನಾವ ಕೂಡ್ಸಬೇಕು. ಇಶ್ಯೂ ಎಷ್ಟು ಕೋಟಿ, ಅದರಾಗ ಕಂಪನಿಗೆ ಹೋಗೋದೆಷ್ಟು ಹಳಬರ ಜೇಬಿಗೆ ಹೋಗೋದೆಷ್ಟು, ಅದೇ ಧಂದೆಯ ಬ್ಯಾರೆ ಕಂಪನಿಗೆ ಹೋಲಿಸಿದ್ರ ಪಿಇ (ಶೇರಿನ ರೇಟು ಅದರ ಗಳಿಕಿಯ ಎಷ್ಟು ಪಟ್ಟು ಅನ್ನೋದು) ಎಷ್ಟು, ಆಂಕರ್‌ದವರು (ಇಶ್ಯೂ ತೆರೆಯೋಕಿಂತ ಮೊದಲ ಶೇರು ತಗೊಳ್ಳೋ ದೊಡ್ಡ ಫಂಡ್‌ದವರು) ಯಾರ್ಯಾರು, ಇಟ್ಟ ಶೇರಿಗೆ ಕ್ಯೂಐಬಿ (ದೊಡ್ಡ ಫಂಡ್, ಬ್ಯಾಂಕ್‌ದವರು) ಎಷ್ಟು ಪಟ್ಟು ಅರ್ಜಿ ಹಾಕ್ಯಾರ, ಎಚ್‌ಎನ್‌ಐ (ದೊಡ್ಡ ರೊಕ್ಕದ ಮಂದಿ) ಎಷ್ಟು ಪಟ್ಟು, ರಿಟೇಲ್ (ನಮ್ಮಂಥಾ ಸಣ್ಣ ಮಂದಿ) ಎಷ್ಟು ಪಟ್ಟು, ಹಿಂದಿನ ಒಂದು ತಿಂಗಳಾಗ ಶೇರುಪೇಟಿ ಸೂಚ್ಯಂಕ ನಿಫ್ಟಿ ಏರೇತೋ ಇಳದೇತೋ, ಅದಕ್ಕಿಂತ ಮೊದಲ ಲಿಸ್ಟ್ ಆದ ಮೂರು ಐಪಿಓ ಏನಾದುವು. ಹಿಂಗ ಒಂದೊಂದು ಸಾಲು ಟೈಪ್ ಮಾಡೂದ್ರಾಗ ಎರಡು ತಿಂಗಳು ಹೋತು. ನನ್ನ ಹೆಂಡ್ತಿ ಅಂದ್ಲು, ಇಷ್ಟು ಟೈಮಿನ್ಯಾಗ ನಾಕು ಹೊಸಾ ಗಿರಾಕಿ ಹಿಡೀತಿದ್ದಿ ಅಂತ. ಖರೇ ಐತಿ.

ಮಾಡೆಲ್ ಅಂದ್ರ ಭಾಳ ದೊಡ್ಡದೇನಲ್ಲ, ರ್‍ಯಾಂಡಮ್ ಫಾರೆಸ್ಟ್, ಲಿಯೋ ಬ್ರೈಮನ್ ಅನ್ನಾಂವ 2001ರಾಗ ಬರದಿದ್ದು. ಹೆಸರು ಕೇಳಿ ಹೆದರಬ್ಯಾಡ್ರಿ. ಊರ ಕಟ್ಟಿ ಮ್ಯಾಲೆ ಐನೂರು ಮಂದಿ ಹಿರೇರನ್ನ ಕುಂಡ್ರಿಸಿ, ಒಬ್ಬೊಬ್ಬರಿಗೆ ಕಾಗದದ ಬ್ಯಾರೆ ಬ್ಯಾರೆ ತುಣುಕು ಅಷ್ಟ ತೋರಿಸಿ, ಹಳೇ ಕೇಸುಗಳಾಗೂ ಒಬ್ಬನಿಗೆ ಒಂದಿಷ್ಟು ಇನ್ನೊಬ್ಬನಿಗೆ ಇನ್ನೊಂದಿಷ್ಟು ಹೇಳಿ, ಆಮ್ಯಾಲ ಹೊಸಾ ಕೇಸ್ ಮುಂದಿಟ್ಟು ಎಲ್ಲಾರ ಕೈ ಎತ್ತಿಸಿದಂಗ. ಒಬ್ಬೊಬ್ಬ ತಪ್ಪು ಹೇಳಬಹುದು, ಆದ್ರ ಎಲ್ಲಾರೂ ಒಂದ ನಮೂನಿ ತಪ್ಪು ಹೇಳಂಗಿಲ್ಲ, ಅದಕ್ಕ ಒಟ್ಟು ತೀರ್ಪು ಚಲೋ ಬರ್ತೈತಿ. ನಮ್ಮಂಥಾ ಸಣ್ಣ ಡೇಟಾಕ್ಕ ಡೀಪ್ ಲರ್ನಿಂಗ್ ಗೀಪ್ ಲರ್ನಿಂಗ್ ಹಚ್ಚಿದ್ರ ಅದು ಕಲಿಯಂಗಿಲ್ಲ, ಬಾಯಿಪಾಠ ಮಾಡ್ತೈತಿ.

ಮೊದಲನೇ ಸಲ ರನ್ ಮಾಡಿದಾಗ ಬಂದ ರಿಸಲ್ಟ್ ನೋಡಿ ನಾವಿಬ್ರೂ ರಾತ್ರಿ ಹನ್ನೊಂದಕ್ಕ ಎದ್ದು ನಿಂತ್ವಿ. ಅಷ್ಟು ಚಲೋ ಬಂದಿತ್ತು. ಹುಡುಗ ಅಂದ, ಮಾಮಾ ಇನ್ನ ನಿನ್ನ ಜಿಎಸ್‌ಟಿ ಬಂದ್. ನಾ ಮಾತ್ರ ಲೆಕ್ಕ ನೋಡಾಂವ ಆಗಿದ್ದಕ್ಕ ಒಂದು ಚಟ, ಲಾಭ ಭಾಳ ಬಂದ್ರ ಮೊದಲ ಎಂಟ್ರಿ ನೋಡ್ತೀನಿ. ನೋಡಿದ್ರ ಎರಡು ಲಫಡಾ ಇದ್ವು.

ಒಂದನೇದು, ನಮ್ಮ ಶೀಟಿನ್ಯಾಗ ಮೂರರಾಗ ಎರಡಕ್ಕಿಂತ ಹೆಚ್ಚು ಐಪಿಓ ಹಸರ ಬಣ್ಣದಾಗನ, ಅಂದ್ರ ಲಾಭದಾಗನ ಇದ್ವು, ಹಂಗಾದ್ರ ಕಣ್ಣು ಮುಚ್ಚಿ ಎಲ್ಲಾದಕ್ಕೂ 'ಏರ್ತೈತಿ' ಅಂದ ಪೆದ್ದನೂ ಅಷ್ಟ ಮಾರ್ಕ್ಸ್ ತಗೋತಾನ. ನಮ್ಮ ಐನೂರು ಹಿರೇರು ಆ ಪೆದ್ದನಿಗಿಂತ ಎಷ್ಟು ಚಲೋ ಅನ್ನೋದು ಪ್ರಶ್ನೆ, ಉತ್ತರ ಸ್ವಲ್ಪ ಅಷ್ಟ. ಎರಡನೇದು ಇನ್ನೂ ಕೆಟ್ಟದ್ದು. ಡೇಟಾ ಕಲಸಿ ಅರ್ಧ ಕಲಿಯಾಕ ಅರ್ಧ ಪರೀಕ್ಷಾಕ್ಕ ಅಂತ ಕೊಟ್ಟಿದ್ವಿ, ಅಂದ್ರ 2023ರ ಐಪಿಓ ನೋಡಿ ಕಲ್ತಾಂವ 2021ರ ಪರೀಕ್ಷಾ ಬರದಂಗ. ನಾಳಿ ಪೇಪರ್ ಓದಿ ಇವತ್ತಿನ ಮಳಿ ಹೇಳೂದು ಯಾರಿಗೆ ಬರಂಗಿಲ್ಲ? ತಾರೀಖಿನ ಪ್ರಕಾರ ಇಟ್ಟು, 2020ರ ತನಕ ಕಲಿ, 2021 ಹೇಳು, ಆಮ್ಯಾಲ 2021ನ್ನೂ ಕಲಿ, 2022 ಹೇಳು ಅಂತ ಮಾಡಿದ ಮ್ಯಾಲೆ ಮಾರ್ಕ್ಸ್ ದಡಾರಂತ ಬಿದ್ವು. ಬಿದ್ದಿದ್ದೆಲ್ಲಿ ಅಂತ ನೋಡಿದ್ರ 2021ರ ನವೆಂಬರ್ ಕಡೆ. ಜುಲೈದಾಗ ಝೊಮ್ಯಾಟೋ 76 ರೂಪಾಯಿದು 116ಕ್ಕ ಲಿಸ್ಟ್ ಆತು, ನವೆಂಬರ್‌ನ್ಯಾಗ ನೈಕಾ 1,125ದು 2,000 ದಾಟಿ ಲಿಸ್ಟ್ ಆತು, ಮಷಿನ್‌ಗೆ ಭಾಳ ಖುಷಿ, ಹೊಸಾ ನಮೂನಿ ಟೆಕ್ ಕಂಪನಿ ಅಂದ್ರ ಏರ್ತಾವು ಅಂತ ಕಲ್ತು ಕುಂತಿತ್ತು. ಅದಾಗಿ ಎಂಟು ದಿನಕ್ಕ ಪೇಟಿಎಂ ಬಂತು, 2,150 ರೂಪಾಯಿದು, ಮೊದಲನೇ ದಿನಾನ ಸುಮಾರು 27 ಪರ್ಸೆಂಟ್ ಬಿತ್ತು.

ಇನ್ನೊಂದು ಮಜಾ ಹೇಳ್ತೀನಿ. ಡೇಟಾ ಕಡಿಮಿ ಐತಿ ಅಂತ ಎಸ್‌ಎಂಇ, ಅಂದ್ರ ಸಣ್ಣ ಮಧ್ಯಮ ಕಂಪನಿಗಳ ಐಪಿಓನೂ ಸೇರಿಸಿದ್ವಿ. ಆ ಶೀಟ್ ಕೆಳಗ ಸರಿಸ್ಕೋತ ಹೋದ್ರ 2024ರ ಜುಲೈ ದಾಟಿದ ಮ್ಯಾಲೆ ಒಂದು ಕಾಲಂದಾಗ 90, 90, 34, 90, 90 ಅಂತ ಬರಾಕತ್ವು. ನಾ ಹುಡುಗನಿಗೆ ಬೈದೆ, ಕಾಪಿ ಪೇಸ್ಟ್ ತಪ್ಪು ಮಾಡೀಯೇನೋ ಅಂತ. ಅಂವ ಒಂದೊಂದ ತಗದು ತೋರಿಸಿದ, ಎಲ್ಲಾ ಖರೇನ. ಆಮ್ಯಾಲ ತಿಳೀತು, ಎನ್‌ಎಸ್‌ಇ ಶೇರುಪೇಟಿದವರು ಎಸ್‌ಎಂಇ ಶೇರು ಲಿಸ್ಟ್ ಆಗೋ ಮುಂಜಾನಿ ಇಶ್ಯೂ ಪ್ರೈಸ್‌ಗಿಂತ 90 ಪರ್ಸೆಂಟ್‌ಗಿಂತ ಮ್ಯಾಲೆ ಓಪನ್ ಆಗಬಾರ್ದು ಅಂತ ಆ ತಿಂಗಳು ರೂಲ್ ಹಾಕಿದ್ರು. ಅಂದ್ರ ಆ 90 ಕಂಪನಿ ಗುಣ ಅಲ್ಲ, ಮಾಳಿಗಿಗೆ ತಲಿ ಬಡಿದ ಗುರುತು. ಮಷಿನ್‌ಗೆ ಅದು ಹ್ಯಾಂಗ ತಿಳೀಬೇಕು? ಅದಕ್ಕ 90 ಅಂದ್ರ 90. ಅದ ಆಗಸ್ಟ್‌ನ್ಯಾಗನ ದಿಲ್ಲಿ ಕಡೆಯ ಒಂದು ಬೈಕ್ ಡೀಲರ್, ರಿಸೋರ್ಸ್‌ಫುಲ್ ಆಟೋಮೊಬೈಲ್, ಎರಡು ಶೋರೂಮ್ ಎಂಟು ಮಂದಿ ನೌಕರರು, 12 ಕೋಟಿ ಕೇಳಿದ್ರ ಮಂದಿ ಸುಮಾರು 4,800 ಕೋಟಿಗೆ ಅರ್ಜಿ ಹಾಕಿದ್ರು. ನಮ್ಮ ಮಷಿನ್ ಇಂಥಾದ್ದು ನೋಡಿದ್ರ ಕುಣಿದಾಡ್ತೈತಿ, ಯಾಕಂದ್ರ ಪಟ್ಟು ಜಾಸ್ತಿ ಇದ್ರ ಏರ್ತೈತಿ ಅಂತ ಕಲ್ತೈತಿ. ಆ ಶೇರು ಲಿಸ್ಟ್ ಆಗಿದ್ದು 117ಕ್ಕ, ಇಶ್ಯೂ ಪ್ರೈಸೂ 117. ಎಸ್‌ಎಂಇ ಶೀಟ್ ಅವತ್ತ ತಗದು ಒಗೆದ್ವಿ.

ಆಮ್ಯಾಲ ಚಾಟ್‌ಬಾಟ್ ಹುಚ್ಚು. ಹುಡುಗ ಅಂದ, ನಂಬರ್ ಬ್ಯಾಡ ಮಾಮಾ, ಐಪಿಓಕ್ಕ ಮೊದಲ ಕಂಪನಿ ತನ್ನ ಬಗ್ಗೆ ಹೊರಡಿಸೋ ಪ್ರಾಸ್ಪೆಕ್ಟಸ್ ಓದಿಸೂಣು, ನಾಕುನೂರು ಪುಟ ನಾವು ಓದಂಗಿಲ್ಲ ಅದು ಓದ್ತೈತಿ ಅಂತ. ವಿಚಾರ ಏನ್ ತಪ್ಪಲ್ಲ, ಲೌರನ್ ಮತ್ತ ಮ್ಯಾಕ್‌ಡೊನಾಲ್ಡ್ ಅನ್ನೋ ಇಬ್ರು ಪ್ರೊಫೆಸರ್ 2013ರಾಗ ಅಮೆರಿಕಾದ ಪ್ರಾಸ್ಪೆಕ್ಟಸ್ ಹಿಡಕೊಂಡು ಇದನ್ನ ಮಾಡ್ಯಾರ, 'ಇರಬಹುದು', 'ಆಗಬಹುದು', 'ಹೇಳಾಕ ಬರಂಗಿಲ್ಲ' ಅನ್ನೋ ಅಡ್ಡಗ್ವಾಡಿ ಮ್ಯಾಲಿನ ದೀಪದಂಥಾ ಶಬ್ದ ಹೆಚ್ಚಿದ್ದ ಕಡೆ ಮೊದಲನೇ ದಿನದ ಏರಿಕಿನೂ ಹೆಚ್ಚು ಅಂತ. ಲೆಕ್ಕ ಹಾಕಾಕ ಬರದ ಮಾಲು ಇದ್ರ ಅಗ್ಗ ಇಟ್ರ ಅಷ್ಟ ಹೋಗ್ತೈತಿ, ಇದು ಸಂತ್ಯಾಗ ಬದನಿಕಾಯಿ ಮಾರಾಕಿಗೂ ಗೊತ್ತು.

ನಾ ಪೇಟಿಎಂದ ಹಳೇ ಪ್ರಾಸ್ಪೆಕ್ಟಸ್ ಹಾಕಿ ಕೇಳಿದೆ, ಇದು ಮೊದಲನೇ ದಿನ ಏನಾಗಬಹುದು? ಬೀಳೂ ಚಾನ್ಸ್ ಜಾಸ್ತಿ, ರೇಟ್ ದುಬಾರಿ, ಅಂತ ಏನ್ ವಿಶ್ವಾಸದಿಂದ ಹೇಳ್ತು ಅಂತೀರಿ! ನನಗ ರೋಮಾಂಚನ. ಹುಡುಗ ಸುಮ್ಮ ಕುಂತಿದ್ದಾಂವ ಮೆಲ್ಲಕ ಅಂದ, ಮಾಮಾ ಅದು 2021ರ ಪೇಪರ್ ಎಲ್ಲಾ ಓದಿ ಬಂದೈತಿ. ಹೌದಲ್ರಿ! ಕಂಪನಿ ಹೆಸರು ಅಳಿಸಿ ಹಾಕಿದ್ವಿ, ಆದ್ರೂ ಹಿಡೀತು, ನೋಯ್ಡಾದ ಪೇಮೆಂಟ್ ಕಂಪನಿ ಅಂತ ಒಳಗಿನ ಸಾಲಿನ್ಯಾಗ ಇತ್ತು. ಊರ ಹೆಸರು ಅಳಿಸಿ, ಆ್ಯಪ್ ಅನ್ನೋ ಶಬ್ದ ಅಳಿಸಿ, ನಷ್ಟದ ಅಂಕಿ ಎಲ್ಲಾ ಎಂಟರಿಂದ ಭಾಗಿಸಿ ಹಾಕಿದ ಮ್ಯಾಲೆ ಅದರ ಮಾತಿನ ಧಾಟಿನ ಬದಲಾತು, ಬೆಳವಣಿಗಿ ಚಲೋ ಐತಿ, ಅಪಾಯನೂ ಐತಿ, ತಜ್ಞರನ್ನ ಕೇಳ್ರಿ ಅಂತು. ಪೇಪರ್ ಔಟ್ ಆದ ಪರೀಕ್ಷಾದಾಗ ಬರೋ ರ್‍ಯಾಂಕ್ ಹ್ಯಾಂಗೋ ಹಂಗ ಇದು, ಹಳೇ ಐಪಿಓ ಮ್ಯಾಲೆ ಚಾಟ್‌ಬಾಟ್ ಭವಿಷ್ಯ ಸರಿ ಬಂತು ಅಂತ ಯಾರರ ತೋರಿಸಿದ್ರ ಮೊದಲ ಇದನ್ನ ಕೇಳ್ರಿ.

ಇಷ್ಟೆಲ್ಲಾ ಜರಡಿ ಹಿಡಿದ ಮ್ಯಾಲೂ ಮಾಡೆಲ್‌ನ್ಯಾಗ ಒಂದು ಖರೇ ಮಾಹಿತಿ ಉಳೀತು, ಅದು ಕ್ಯೂಐಬಿ ಪಟ್ಟು. ದೊಡ್ಡ ಫಂಡ್‌ದವರು ಎಷ್ಟು ಪಟ್ಟು ಕೇಳ್ಯಾರ ಅನ್ನೋದು. ಉಳಿದ ಕಾಲಂ ಎಲ್ಲಾ ಅದರ ಬೆನ್ನಿಗೆ ಜೋತು ಬಿದ್ದಂಗ ಇದ್ವು. ಯಾಕ ಅಂತ ನಾ ಭಾಳ ದಿನ ವಿಚಾರ ಮಾಡೀನಿ. ಅಮೆರಿಕಾದಾಗ ಬೇಡಿಕಿ ಜಾಸ್ತಿ ಬಂದ್ರ ಇಶ್ಯೂ ನಡೆಸೋ ಬ್ಯಾಂಕರ್ ಕಡೀಗೆ ರೇಟ್ ಏರಿಸ್ತಾನ, ಪೂರಾ ಏರಿಸಂಗಿಲ್ಲ, ಅರ್ಧಾಮರ್ಧ, ಯಾಕಂದ್ರ ಖರೇ ರೇಟ್ ಬಾಯಿ ಬಿಟ್ಟು ಹೇಳಿದ ಫಂಡ್‌ದವರಿಗೆ ಏನರ ಬಿಡಬೇಕಲ್ಲಾ ಅಂತ ಬೆನ್ವೆನಿಸ್ಟ್ ಮತ್ತ ಸ್ಪಿಂಡ್ಟ್ 1989ರಾಗ ವಿವರಿಸ್ಯಾರ. ನಮ್ಮಲ್ಲಿ ಪ್ರೈಸ್ ಬ್ಯಾಂಡ್ ಮೊದಲ ಹಾಕಿರ್ತಾರ, ಮ್ಯಾಲಿನ ರೇಟು ಕೆಳಗಿನ ರೇಟಿಗಿಂತ 20 ಪರ್ಸೆಂಟ್‌ಗಿಂತ ಜಾಸ್ತಿ ಇರಂಗಿಲ್ಲ, ಚಲೋ ಇಶ್ಯೂ ಎಲ್ಲಾ ಮ್ಯಾಲಿನ ರೇಟಿಗೇ ಮುಗೀತಾವು. ಬೇಡಿಕಿ ಇನ್ನೂ ಉಕ್ಕಿದ್ರ ರೇಟಿನ್ಯಾಗ ತೋರಿಸಾಕ ಜಾಗಾ ಇಲ್ಲ, ಅದು ಅರ್ಜಿ ಎಷ್ಟು ಪಟ್ಟು ಬಂತು ಅನ್ನೋದ್ರಾಗ ತೋರಿಸ್ತೈತಿ. ಹಾಲು ಉಕ್ಕಿ ಒಲಿ ಮ್ಯಾಲೆ ಚೆಲ್ಲಿದ್ದು ನೋಡಿ ಪಾತೇಲಿ ತುಂಬಿತ್ತು ಅಂತ ಹೇಳಿದಂಗ. ಇದಕ್ಕ ಎಐ ಯಾಕ್ ಬೇಕು, ನಮ್ಮ ಆಫೀಸ್ ಕೆಳಗಿನ ಚಾದ ಅಂಗಡ್ಯಾಂವ ಮೊಬೈಲ್‌ನ್ಯಾಗ ನೋಡಿ ಹೇಳ್ತಾನ.

ಅದೂ ಎಲ್ಲಾ ಕಾಲಕ್ಕೂ ನಡೀತೈತಿ ಅಂತಲ್ಲ. ರಿಲಯನ್ಸ್ ಪವರ್ ಕೇಳ್ರಿ ನಮ್ಮಪ್ಪಗ, ಇವತ್ತಿಗೂ ಮುಖಾ ಕೆಂಪಗ ಆಗ್ತೈತಿ. 2008ರ ಜನವರಿ, ನಮ್ಮೂರಾಗ ಸಿದ್ಧೇಶ್ವರ ಜಾತ್ರಿ ಟೈಮು, 73 ಪಟ್ಟು ಅರ್ಜಿ ಬಂದಿದ್ವು. ಅರ್ಜಿ ಮುಗಿದ ಮ್ಯಾಲಿನ ಸೋಮವಾರ ಜಗತ್ತಿನ ಮಾರ್ಕೆಟ್ಟೆಲ್ಲಾ ಕುಸೀತು. ಆವಾಗ ಲಿಸ್ಟಿಂಗ್‌ಗೆ ಮೂರು ವಾರ ಕಾಯಬೇಕು, ಈಗಿನಂಗ ಮೂರು ದಿನ ಅಲ್ಲ, ರೊಕ್ಕ ಮೊದಲ ಕೈಬಿಟ್ಟು ಹೋಗಿರ್ತಿತ್ತು, ಖಾತ್ಯಾಗ ರೊಕ್ಕ ಬ್ಲಾಕ್ ಅಷ್ಟ ಮಾಡೋ ಆಸ್ಬಾ ಪದ್ಧತಿ ಅದ ವರ್ಷ ಮುಂದ ಬಂತು. ಫೆಬ್ರವರಿ 11ಕ್ಕ ಲಿಸ್ಟ್ ಆತು, 450ದು ಸಂಜೀಗೆ 372.50. 73 ಪಟ್ಟು ಅನ್ನೋ ನಂಬರ್ ಅವತ್ತೂ ಖರೇನ ಇತ್ತು, ಕೇಳಿದ ಮಂದಿ ಮಾತ್ರ ಮೂರು ವಾರದಾಗ ಬ್ಯಾರೇನ ಆಗಿದ್ರು. ಉಲ್ಟಾನೂ ಆಗೇತಿ, 1993ರಾಗ ಇನ್ಫೋಸಿಸ್ 95 ರೂಪಾಯಿಗೆ ಕೊಟ್ರೂ ಪೂರಾ ಅರ್ಜಿ ಬರ್ಲಿಲ್ಲ, ಮಾರ್ಗನ್ ಸ್ಟ್ಯಾನ್ಲಿ 13 ಪರ್ಸೆಂಟ್ ತಗೊಂಡು ದಂಡಿ ಮುಟ್ಟಿಸ್ತು, ಲಿಸ್ಟ್ ಆಗಿದ್ದು 145ಕ್ಕ. ನನ್ನ ಮಷಿನ್ ಅವತ್ತು ಇದ್ರ ಬ್ಯಾಡ ಅಂತಿತ್ತು.

ಈಗ ಲಿಂಬಿಕಾಯಿ ಕಥಿ.

ನನ್ನ ಸೋದರಮಾವ ನಮ್ಮ ಜಿಲ್ಲಾದ ಇಂಡಿ ಊರಾಗ ಲಿಂಬಿ ವ್ಯಾಪಾರ ಮಾಡ್ತಾನ, ನಲವತ್ತು ವರ್ಷದಿಂದ. ನಮ್ಮ ಇಂಡಿ ಲಿಂಬಿಗೆ ಈಗ ಜಿಐ ಟ್ಯಾಗ್ ಬಂದೈತಿ, ಅದು ಬಂದ ಮ್ಯಾಲೆ ಮಾವನ ಮಾತಿನ್ಯಾಗ ಸ್ವಲ್ಪ ಗತ್ತು ಹೆಚ್ಚಾಗೇತಿ. ಅಂವ ಬರೇ ಡಾಗ, ಅಂದ್ರ ಚೀಲದ ಲೆಕ್ಕದಾಗ ಕಾಯಿ ಕೊಳ್ಳಂಗಿಲ್ಲ, ತ್ವಾಟಾನ ಗುತ್ತಿಗಿ ಹಿಡೀತಾನ, ಗಿಡದಾಗ ಕಾಯಿ ಇದ್ದಾಗ್ಲೇ ಇಡೀ ಸೀಸನ್‌ಗೆ ಇಷ್ಟು ಅಂತ ಮಾತಾಡಿ. ನಾ ಒಂದ್ಸಲ ಕಾಲೇಜು ಮುಗಿಸಿದ ಹೊಸದಾಗಿ ನಾನೂ ಒಂದು ತ್ವಾಟ ಹಿಡೀತೀನಿ ಅಂತ ಹೋಗಿದ್ದೆ, ಮಾವ ಬ್ಯಾಡ ಅನ್ಲಿಲ್ಲ, ನೋಡು ಅಂದ. ಮೂರು ತ್ವಾಟಕ್ಕ ರೇಟ್ ಹೇಳಿದೆ. ಎರಡು ತ್ವಾಟಕ್ಕ ಊರಿನ ವ್ಯಾಪಾರಿಗಳು ನನ್ನ ಮ್ಯಾಲೆ ಏರಿಸಿ ಕಿತ್ಕೊಂಡ್ರು. ಮೂರನೇದಕ್ಕ ಯಾರೂ ಬಾಯಿ ತೆರೀಲಿಲ್ಲ, ನಾ ಹೇಳಿದ ರೇಟಿಗೆ ಆ ರೈತ ಹೂಂ ಅಂದುಬಿಟ್ಟ. ನನಗ ಖುಷಿ, ಚೌಕಾಸಿನ ಇಲ್ದ ಸಿಕ್ತು ಅಂತ. ಮಾವ ಅವತ್ತು ಸಂಜೀಗೆ ತ್ವಾಟಕ್ಕ ಕರ್ಕೊಂಡು ಹೋಗಿ ಒಂದು ಗಿಡದ ಎಲಿ ಮಗಚಿ ತೋರಿಸಿದ, ಎಲಿ ಮ್ಯಾಲೆ ಕಂದು ಬಣ್ಣದ ಗಂಟು ಗಂಟು ಕಜ್ಜಿ, ಕಾಯಿ ಮ್ಯಾಲೂ ಅದ. ಊರವರಿಗೆಲ್ಲಾ ಗೊತ್ತಿತ್ತು. ಮಾವ ಅಂದಿದ್ದು ಇಷ್ಟ, "ಸಿಗಲಾರ್ದ್ದಕ್ಕ ಅಳಬ್ಯಾಡೋ, ಸಿಕ್ಕಿದ್ದು ಯಾಕ್ ಸಿಕ್ತು ನೋಡು."

ಇದನ್ನ ಕೆವಿನ್ ರಾಕ್ ಅನ್ನಾಂವ 1986ರಾಗ ಐಪಿಓ ಬಗ್ಗೆ ಬರದಾನ, ಗಣಿತ ಹಾಕಿ. ಮಾರ್ಕೆಟ್‌ನ್ಯಾಗ ಗೊತ್ತಿದ್ದವರು ಒಂದಿಷ್ಟು, ಗೊತ್ತಿಲ್ದವರು ಒಂದಿಷ್ಟು. ಚಲೋ ಇಶ್ಯೂ ಬಂದಾಗ ಗೊತ್ತಿದ್ದವರೂ ನುಗ್ತಾರ, ಆವಾಗ ಗೊತ್ತಿಲ್ದಾಂವಗ ಚೂರು ಸಿಗ್ತೈತಿ ಇಲ್ಲಾ ಸಿಗಂಗಿಲ್ಲ. ಕೆಟ್ಟ ಇಶ್ಯೂ ಬಂದಾಗ ಗೊತ್ತಿದ್ದವರು ಸರೀತಾರ, ಗೊತ್ತಿಲ್ದಾಂವಗ ಕೇಳಿದಷ್ಟೂ ಸಿಗ್ತೈತಿ. ಹಿಂಗ ಆದ್ರ ಗೊತ್ತಿಲ್ದಾಂವ ಆಟಾನ ಬಿಟ್ಟು ಹೋಗ್ತಾನ, ಅಂವ ಹೋಗಬಾರ್ದು ಅಂತ ಎಲ್ಲಾ ಇಶ್ಯೂನೂ ಸರಾಸರಿ ಸ್ವಲ್ಪ ಅಗ್ಗ ಇಡಬೇಕಾಗ್ತೈತಿ. ಅಂದ್ರ ಅಂಡರ್‌ಪ್ರೈಸಿಂಗ್ ಅನ್ನೋದು ನಮ್ಮಂಥಾ ಕಜ್ಜಿ ತ್ವಾಟ ಹಿಡಿಯೋ ಮಂದಿಗೆ ಕೊಡೋ ಸಮಾಧಾನದ ರೊಕ್ಕ. ಸಿಂಗಾಪುರದಾಗ ನಮ್ಮಂಗ ಚೀಟಿ ಎತ್ತಿ ಶೇರು ಹಂಚ್ತಿದ್ರು, ಅಲ್ಲಿ ಕೋ ಮತ್ತ ವಾಲ್ಟರ್ 1989ರಾಗ ಲೆಕ್ಕ ಮಾಡಿ ನೋಡ್ಯಾರ, ಮೊದಲನೇ ದಿನದ ಸರಾಸರಿ ಲಾಭ 27 ಪರ್ಸೆಂಟ್ ಕಾಣ್ತಿತ್ತು, ಸಿಗೋ ಚಾನ್ಸ್‌ನಿಂದ ಗುಣಿಸಿದ್ರ 1 ಪರ್ಸೆಂಟ್‌ಗೆ ಬಂತು. 27 ಎಲ್ಲಿ, 1 ಎಲ್ಲಿ.

ಇದನ್ನ ಓದಿದ ರಾತ್ರಿ ನಾ ನಮ್ಮ ಲೆಕ್ಕ ಹಾಕಿದೆ. ಟಾಟಾ ಟೆಕ್ ಒಂದು ಲಾಟ್ 30 ಶೇರು, 15,000 ರೂಪಾಯಿ, ಸಿಕ್ಕಿದ್ರ ಸಂಜೀಗೆ 24,000 ಲಾಭ. ಆದ್ರ ಅರ್ಜಿ ಹಾಕಿದ್ದು 70 ಲಕ್ಷಕ್ಕೂ ಮ್ಯಾಲೆ ಮಂದಿ, ರಿಟೇಲ್ ಪಾಲು 16 ಪಟ್ಟು ದಾಟಿತ್ತು, ರಿಟೇಲ್‌ದಾಗ ಚೀಟಿ ಎತ್ತೂದು, ಹೆಚ್ಚುಕಡಿಮಿ ಹದಿನಾರು ಮಂದ್ಯಾಗ ಒಬ್ರು ಅಂತ ಹಿಡೀರಿ, ಅರ್ಜಿ ಲೆಕ್ಕದಾಗ ನೋಡಿದ್ರ ಸ್ವಲ್ಪ ಫರಕ ಬೀಳ್ತೈತಿ ಬಿಡ್ರಿ. 24,000ನ್ನ ಹದಿನಾರರಿಂದ ಭಾಗಿಸಿದ್ರ 1,500. ಇನ್ನೊಂದು ಕಡೆ ಹುಂಡೈ, 2024ರ ಅಕ್ಟೋಬರ್, 27,870 ಕೋಟಿದು, ಅಲ್ಲೀತನಕ ದೇಶದಾಗ ಅಷ್ಟು ದೊಡ್ಡ ಐಪಿಓ ಬಂದಿದ್ದಿಲ್ಲ. ರಿಟೇಲ್ ಪಾಲು ಅರ್ಧನೂ ಸರಿಯಾಗಿ ತುಂಬ್ಲಿಲ್ಲ, ಕೇಳಿದವರಿಗೆಲ್ಲಾ ಸಿಕ್ತು. 1,960ದು ಮೊದಲನೇ ದಿನ 1,820ರ ಆಸುಪಾಸು ಮುಗೀತು, 7 ಶೇರಿನ ಲಾಟಿಗೆ 980 ರೂಪಾಯಿ ನಷ್ಟ, ಅದಕ್ಕ ಯಾವ ಭಾಗಾಕಾರನೂ ಇಲ್ಲ, ಪೂರಾ ನಿಮ್ಮದ. ಮರುವರ್ಷ ಆ ಶೇರು ಇಶ್ಯೂ ಪ್ರೈಸ್ ದಾಟಿ ಹೋತು, ಅದು ಬ್ಯಾರೆ ಮಾತು, ನಾವು ಮೊದಲನೇ ದಿನದ ಆಟ ಆಡಾಕತ್ತೀವಿ. ದೇಶಾನ ಕುಣಿದ ಟಾಟಾ ಟೆಕ್‌ನ 1,500ನ್ಯಾಗ ಹುಂಡೈದ 980 ತಗದ್ರ ಉಳಿಯೋದೆಷ್ಟು ಹೇಳ್ರಿ, ಮ್ಯಾಲೆ ರೊಕ್ಕ ಬ್ಲಾಕ್ ಆಗಿದ್ದು, ರಾತ್ರಿ ಎಚ್ಚರ ಕುಂತಿದ್ದು, ಹೆಂಡ್ತಿ ಮಾತು ಕೇಳಿದ್ದು ಬ್ಯಾರೆ.

ಅಂದ್ರ ನಮ್ಮ ಮಾಡೆಲ್ ಕೇಳಾಕತ್ತಿದ್ದ ಪ್ರಶ್ನೇನ ತಪ್ಪಿತ್ತು. 'ಇದು ಏರ್ತೈತೇನು' ಅಂತ ಕೇಳಿದ್ವಿ. ಕೇಳಬೇಕಾಗಿದ್ದು 'ಇದು ನನಗ ಸಿಕ್ರ ಏರ್ತೈತೇನು' ಅಂತ, ಸಿಗೋದು ಏರೋದು ಎರಡೂ ಒಂದಕ್ಕೊಂದು ಜಗಳಾ ಆಡ್ಕೋತ ಕುಂತಾವ. ಮಾಡೆಲ್ ಪೂರಾ ಸರಿ ಆದ್ರೂ, ಭಗವಂತನ ಬಂದು ಕೋಡ್ ಬರದ್ರೂ, ಚೀಟಿ ಎತ್ತೂದು ತಪ್ಪಂಗಿಲ್ಲ. ಅಂವ ಹೇಳಬಹುದಾದ ಒಂದ ಉಪಯೋಗದ ಮಾತು ಅಂದ್ರ ಯಾವುದಕ್ಕ ಹೋಗಬ್ಯಾಡ ಅನ್ನೋದು.

ಬ್ಯಾಡ ಅನ್ನಾಕ ಟೈಮೂ ಸಿಗಬೇಕಲ್ಲಾ. ಕ್ಯೂಐಬಿದವರು ಕಡೀ ದಿನ, ಅದೂ ಮಧ್ಯಾಹ್ನದ ಮ್ಯಾಲೆ ಬರ್ತಾರ, ಮೊದಲೆರಡು ದಿನ ಅವರ ಕಾಲಂ ಖಾಲಿ ಖಾಲಿ ಇರ್ತೈತಿ. ಹಂಗಾಗಿ ಮಷಿನ್‌ಗೆ ಖರೇ ಮಾಹಿತಿ ಸಿಗೋದ 3 ಗಂಟೇದ ಮ್ಯಾಲೆ, ನನ್ನ ಯುಪಿಐ ಮ್ಯಾಂಡೇಟ್ (ರೊಕ್ಕ ಬ್ಲಾಕ್ ಮಾಡಾಕ ಫೋನಿನ್ಯಾಗ ಕೊಡೋ ಒಪ್ಪಿಗಿ) 5ರೊಳಗ ಮುಗೀಬೇಕು. ಒಂದು ದಿನ ಹಿಂಗಾತು, 3.40ಕ್ಕ ಮಾಡೆಲ್ ಹೂಂ ಅಂತು, 3.50ಕ್ಕ ಅಪ್ಲೈ ಮಾಡಿದೆ, ಮ್ಯಾಂಡೇಟ್ ಮೆಸೇಜ್ ಬರವಲ್ದು. ಫೋನ್ ಆಫ್ ಮಾಡಿ ಆನ್ ಮಾಡಿದೆ, ಸಿಮ್ ತಗದು ಒರಸಿ ಹಾಕಿದೆ, ಟೆರೇಸ್ ಮ್ಯಾಲೆ ಹೋಗಿ ನಿಂತೆ. ನನ್ನ ಬ್ಯಾಂಕ್ ಯಾವುದಂತ ಹೇಳಂಗಿಲ್ಲ, ಅದರ ಕಸ್ಟಮರ್ ಕೇರ್‌ನ್ಯಾಗ ಹಾಡು ಕೇಳ್ಕೋತ 4.45 ಆತು. ಮ್ಯಾಂಡೇಟ್ ಬಂದಿದ್ದು 5.20ಕ್ಕ, ಮುಗಿದ ಹೋಗಿತ್ತು. ಎರಡು ತಿಂಗಳು ಕಟ್ಟಿದ ಎಐ, ಒಂದು ಮೆಸೇಜ್ ಬರ್ಲಿಲ್ಲಂತ ಕುಂತಲ್ಲೇ ಕುಂತಿತು. ಟೆರೇಸ್ ಮ್ಯಾಲಿಂದ ದೂರ ಗೋಳಗುಮ್ಮಟ ಕಾಣ್ತೈತಿ, ಅದನ್ನ ನೋಡ್ಕೋತ ನಿಂತಿದ್ದೆ ಎಷ್ಟೋ ಹೊತ್ತು.

ನಡಕ ಒಂದು ಟೆಲಿಗ್ರಾಂ ಗ್ರೂಪಿನ್ಯಾಗೂ ಸೇರಿದ್ದೆ ಅನ್ನೋದನ್ನ ಮುಚ್ಚಿಡಂಗಿಲ್ಲ, ಎಐ ಹೇಳೋ ಲಿಸ್ಟಿಂಗ್ ಗೇನ್, ತಿಂಗಳಿಗೆ ಇಷ್ಟು ಫೀ. ಅವರ ಎಐ ಏನಂತ ಒಂದು ತಿಂಗಳು ಕುಂತು ತಾಳೆ ನೋಡಿದೆ. ಗ್ರೇ ಮಾರ್ಕೆಟ್ ಪ್ರೀಮಿಯಂ ಅಂತ ಮಂದಿ ಬಾಯಿಲೆ ಓಡಾಡ್ತೈತಲ್ಲಾ ಜಿಎಂಪಿ, ಲಿಸ್ಟ್ ಆಗೋಕಿಂತ ಮೊದಲ ಹೊರಗ ಮಂದಿ ಆಡೋ ಹೆಚ್ಚಿನ ರೇಟು, ಯಾವ ಎಕ್ಸ್‌ಚೇಂಜಿಗೂ ಶೇರುಪೇಟಿ ಕಾಯೋ ಸರಕಾರಿ ಸಂಸ್ಥಾ ಸೆಬಿಗೂ ಸಂಬಂಧ ಇಲ್ದ ಲೆಕ್ಕ, ಮುಂಜಾನಿ ಅದಕ್ಕ ಎರಡು ರೂಪಾಯಿ ಕೂಡಿಸಿ ಇಲ್ಲಾ ಕಳದು ಮಧ್ಯಾಹ್ನ ಹಾಕ್ತಿದ್ರು. ಅವರಿಗೆ ಸೆಬಿ ನೋಂದಣಿ ನಂಬರ್ ಕೇಳಿದೆ, ಗ್ರೂಪಿನಿಂದ ತಗದ್ರು. ಫೀ ವಾಪಸ್ ಬರ್ಲಿಲ್ಲ.

ಸೆಬಿ ಅಂದಾಗ ನೆನಪಾತು, ಅವರು 2021ರ ಏಪ್ರಿಲ್‌ನಿಂದ 2023ರ ಡಿಸೆಂಬರ್ ತನಕದ 144 ಐಪಿಓ ಹಿಡ್ಕೊಂಡು 2024ರ ಸೆಪ್ಟೆಂಬರ್‌ನ್ಯಾಗ ಒಂದು ಸ್ಟಡಿ ಹಾಕ್ಯಾರ. ಶೇರು 20 ಪರ್ಸೆಂಟ್‌ಗಿಂತ ಮ್ಯಾಲೆ ಏರಿದ್ರ ನಮ್ಮಂಥಾ ಬಿಡಿ ಮಂದಿ ಸಿಕ್ಕಿದ್ರಾಗ 67.6 ಪರ್ಸೆಂಟ್ ವಾರದೊಳಗ ಮಾರಿ ಕೈತೊಳಕೊಳ್ತಾರ, ಬಿದ್ರ ಮಾತ್ರ ಬರೇ 23.3 ಪರ್ಸೆಂಟ್ ಮಾರ್ತಾರ. ಅಂದ್ರ ಕಜ್ಜಿ ತ್ವಾಟ ಸಿಕ್ತು ಅಂತ ಗೊತ್ತಾದ ಮ್ಯಾಲೂ ನೀರು ಬಿಡ್ಕೋತ ಕುಂಡ್ರೂದು. ಇದನ್ನ ಓದಿ ನನ್ನ ಡಿಮ್ಯಾಟ್, ಅಂದ್ರ ಶೇರಿನ ಖಾತಿ, ತಗದು ನೋಡಿದೆ. ಕೆಂಪು ಬಣ್ಣದ್ದು ಮೂರು ಇನ್ನೂ ಅದಾವು, ಒಂದೊಂದು ಲಾಟ್, ಮೂರೂ ಕೇಳಿದ ತಕ್ಷಣ ಸಿಕ್ಕಿದ್ವು.

ಈಗ ಫೈಲ್ 7ರಾಗ ಕಡೀ ಕಾಲಂ ಬದಲಾಗೇತಿ. ಮೊದಲ 'ಮೊದಲನೇ ದಿನದ ಏರಿಕಿ' ಅಂತ ಇತ್ತು, ಈಗ 'ಕೈಗೆ ಬಂದಿದ್ದು' ಅಂತ ಇಟ್ಟೀನಿ, ಏರಿಕಿನ್ನ ಸಿಗೋ ಚಾನ್ಸ್‌ನಿಂದ ಗುಣಿಸಿ. ಗ್ರಾಫ್ ಹಾಕಿದ್ರ ಮೊದಲಿನಂಗ ಗುಡ್ಡ ಕೊಳ್ಳ ಏನಿಲ್ಲ, ನಮ್ಮ ಡೋಣಿ ಹೊಳಿ ಸಾಲಿನ ಎರಿ ಹೊಲದಂಗ ಸಪಾಟ, ಅಲ್ಲೊಂದು ಇಲ್ಲೊಂದು ಕೆಳಗ ತಗ್ಗು. ಹುಡುಗನಿಗೆ ಇದರ ಮ್ಯಾಲೆ ಈಗ ಇಂಟರೆಸ್ಟ್ ಇಲ್ಲ, ಕಾಲೇಜ್ ಪ್ರಾಜೆಕ್ಟಿಗೆ ಹಳೇ ಫೈಲ್ 3 ಕೇಳಿದ, ಮಾರ್ಕ್ಸ್ ಚಂದ ಕಾಣ್ತಾವಂತ. ಡಿಲೀಟ್ ಆಗೇತಿ ಅಂದೆ. ಮಾಡೆಲ್ 'ಸಿಗ್ತೈತಿ' ಅಂದ್ರ ನಾ ಬಿಡ್ತೀನಿ, ಉಳದಿದ್ದಕ್ಕ ಒಂದು ಲಾಟ್ ಹಾಕಿ ಮರೀತೀನಿ.

ಹೋದ ಐತವಾರ ಮಾವ ಫೋನ್ ಮಾಡಿದ್ದ. ಝಳಕಿ ಕಡೆ ಒಂದು ತ್ವಾಟ ಬಂದೈತಿ, ಎರಡೂವರಿ ಎಕರೆ, ಕೇಳಿದ ರೇಟಿಗೆ ಕೊಡ್ತೀನಿ ಅಂತಾನ ರೈತ, ನೀ ಹಿಡೀತಿ ಏನು ಅಂದ. ನಾ ಏನೂ ಮಾತಾಡ್ಲಿಲ್ಲ. ಆ ಕಡಿಂದ ಮಾವ ನಗಾಕತ್ತ, "ಹೂಂ, ಈಗ ಕಲ್ತಿ ನೋಡು" ಅಂತ ಅನ್ನೋದ್ರೊಳಗ ಯಾರೋ ಡಾಗ ತೂಕದ ಬಗ್ಗೆ ಜಗಳಾ ತಗದ್ರು, ಫೋನ್ ಇಟ್ಟ.